ಭೇಟಿ ಕೋಣೆಯ ತುಂಬ ಚೀಲಗಳು

ಆ ಸಂಸ್ಥೆಯ ಹಿಂಬದಿಗೆ ಒಂದು ಕೋಣೆಯಿತ್ತು. ಮುಂದಿನ ಹಾಲ್‌ನಲ್ಲಿ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳು ಇರುತ್ತಿದ್ದವು. ಮಹಡಿಯ ಮೇಲೆ ಹರೆಯದವರು ಹೊಲಿಗೆ, ಮೋಟಾರು ರಿಪೇರಿ ಕಲಿಯುತ್ತಿದ್ದರು. ಹಿಂದಿನ ಕೋಣೆಗೆ ಮಾತ್ರ ಶನಿವಾರ ಮಧ್ಯಾಹ್ನವಷ್ಟೇ ಜೀವ. ಗಂಡ ಹೆಂಡತಿ ಬೇರೆಯಾದಾಗ ಮಗುವನ್ನು ಒಬ್ಬರ ಬಳಿ ಬಿಟ್ಟ ಕೋರ್ಟು, ಇನ್ನೊಬ್ಬರು ಬಂದು ನೋಡಿಕೊಂಡು ಹೋಗಲಿ ಎಂದು ಇಲ್ಲಿಗೆ ಕಳಿಸುತ್ತಿತ್ತು. ಒಂದು ಚಾಪೆ, ಒಂದು ಗಿಡ್ಡ ಮೇಜು, ಮುಚ್ಚಿಕೊಳ್ಳುವ ಬಾಗಿಲು. ಮೂಲೆಯಲ್ಲಿ ಅಕ್ಕನ ಕುರ್ಚಿ.

ಅವಳಿಗಿಂತ ಹಿರಿಯನಾದ ಖಜಾಂಚಿಯೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಕಂಡೂ ಕಾಣದಂತೆ ಕೂತಿರುವುದೇ ಅವಳ ಕೆಲಸ. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಮೈಯೆಲ್ಲ ಕಿವಿಯಾಗಿ, ಯಾರದಾದರೂ ದನಿ ಏರಿದರೆ ಮಾತ್ರ ಕೆಮ್ಮುವುದು.

ಆ ವರ್ಷ ಅಲ್ಲಿಗೆ ಬರುತ್ತಿದ್ದವನು ಒಬ್ಬ ಬಡಗಿ. ಹಿಂದೊಮ್ಮೆ ಕುಡಿದು ಬಂದು, ತಾನೇ ಮಾಡಿ ಕೂರಿಸಿದ್ದ ಮನೆಯ ಬಾಗಿಲನ್ನು ತಾನೇ ಒಡೆದು ಹಾಕಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದವಳು ಮತ್ತೆ ಬರಲಿಲ್ಲ. ಈಗ ಕುಡಿತ ಬಿಟ್ಟಿದ್ದ. ಮಗಳನ್ನು ಅಜ್ಜಿ ಕರೆತರುತ್ತಿದ್ದಳು. ಮುಟ್ಟಿದರೆ ಸಿಡಿಯುತ್ತಾಳೆಂದು ಅಜ್ಜಿ ಅವಳಿಗೆ ಸಾಸಿವೆ ಎಂದು ಹೆಸರಿಟ್ಟಿದ್ದಳು. ಆದರೆ ಅಪ್ಪನ ಮುಂದೆ ಸಾಸಿವೆ ಸಿಡಿಯುತ್ತಲೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು.

"ಅಪ್ಪನ ಮೇಲೆ ಇನ್ನೂ ಕೋಪಾನಾ? ಒಂದು ಮಾತಾಡು ಮಗಳೇ," ಎಂದು ಅವನು ಗೋಗರೆಯುತ್ತಿದ್ದ.

ಅಕ್ಕ ಅವನನ್ನು ಹೊರಗೆ ಕರೆದು ಹೇಳಿದಳು. "ನೀವು ಸ್ವಲ್ಪ ಸುಮ್ನಿರಿ. ಕುದಿಯೋ ಪಾತ್ರೆಗೆ ಸೌಟು ಹಾಕ್ತಾನೇ ಇದ್ರೆ ಅದು ಆರೋದು ಯಾವಾಗ?"

ಅಂದಿನಿಂದ ಅವನು ಮರದ ತುಂಡುಗಳನ್ನು ತಂದು, ಬಾಯಿಗೆ ಬೀಗ ಹಾಕಿಕೊಂಡು ಮರಳು ಕಾಗದದಿಂದ ಉಜ್ಜುತ್ತ ಕೂತ. ಎಷ್ಟೋ ಶನಿವಾರಗಳಾದ ಮೇಲೆ ಒಂದು ದಿನ ಸಾಸಿವೆ ತಿರುಗಿ ನೋಡಿ, "ಇದು ಸೊಟ್ಟಗಿದೆ," ಎಂದಳು. "ಹೌದು," ಎಂದ ಅಪ್ಪ. ಅಷ್ಟೇ ಮಾತು. ಅಕ್ಕ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಬೇಕಾಯಿತು.

ಮರುವಾರ ಬಂದು ಬಾಗಿಲು ತೆಗೆದರೆ ಒಳಗೆ ಕಾಲಿಡಲು ಜಾಗವಿಲ್ಲ. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಅವುಗಳಲ್ಲಿ ಶಾಲೆಯ ಚೀಲಗಳು, ಚೀಲದ ಮೇಲೆ ಸಂಸ್ಥೆಗೆ ದಾನ ಕೊಡುವ ಬಣ್ಣದ ಕಾರ್ಖಾನೆಯ ಧಣಿಯ ಹೆಸರು. ಹೆಸರು ಎಷ್ಟು ದೊಡ್ಡದೆಂದರೆ ಮೂಗಿಗಿಂತ ಮೂಗುತಿ ಭಾರ.

ಅಕ್ಕ ಸೀದಾ ಖಜಾಂಚಿಯ ಮೇಜಿನ ಮುಂದೆ ಹೋಗಿ ನಿಂತಳು. "ಸಾರ್, ಶಾಲೆ ಆಗ್ಲೇ ಶುರುವಾಗಿದೆ. ಇವತ್ತೇ ಹಂಚಿಬಿಡೋಣ."

"ಹಂಚೋ ಹಾಗಿಲ್ಲ ಅಕ್ಕ. ಧಣಿಗಳೇ ಬಂದು ತಮ್ಮ ಕೈಯಾರೆ ಕೊಡ್ತಾರಂತೆ. ಫೋಟೋದವರೂ ಬರ್ತಾರಂತೆ."

"ಯಾವತ್ತು?"

"ಅದೇ ಗೊತ್ತಾಗ್ತಿಲ್ಲ." ಅವನು ಕನ್ನಡಕ ತೆಗೆದು ಕಣ್ಣುಜ್ಜಿದ. "ಈ ಮಳೇಲಿ ಒಣಗಿರೋ ಕೋಣೆ ಅದೊಂದೇ. ವರ್ಷದ ಹಣದಲ್ಲಿ ಅರ್ಧ ಕೊಟ್ಟಿದಾರೆ, ಉಳಿದರ್ಧ ಸಮಾರಂಭ ಆದ್ಮೇಲೆ. ಸ್ವಲ್ಪ ಸಹಿಸ್ಕೊಳ್ಳಿ."

ಆ ಉಳಿದರ್ಧದಿಂದ ಏನು ನಡೆಯಬೇಕಿದೆ ಎಂದು ಅಕ್ಕ ಕೇಳಬಹುದಿತ್ತು. ಕೇಳಲಿಲ್ಲ.

ಭೇಟಿಯನ್ನು ಕಾರಿಡಾರಿಗೆ ಸಾಗಿಸಿದರು. ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ಬಚ್ಚಲು. ಬಕೆಟ್ ಹಿಡಿದ ಆಯಾ "ಸ್ವಲ್ಪ ಕಾಲು ತೆಗೀರಿ" ಎನ್ನುತ್ತ ಹೋಗುವಳು, ಬರುವಳು. ನೀರು ಕುಡಿಯಲೆಂದು ಮಹಡಿಯಿಂದ ಇಳಿದವರು ನೀರಿಗಿಂತ ಹೆಚ್ಚಾಗಿ ಇವರನ್ನೇ ನೋಡುವರು. ಸಾಸಿವೆ ಮತ್ತೆ ಗೋಡೆಗೆ ತಿರುಗಿ ಕೂತಳು.

"ಇದೇನು ಬಸ್ ಸ್ಟ್ಯಾಂಡಾ?" ಎಂದಳು ಅಜ್ಜಿ. "ಹೀಗೇ ಆದ್ರೆ ಮಗೂನ ಕರ್ಕೊಂಡು ಬರಲ್ಲ ಅಂತ ವಕೀಲರಿಗೆ ಹೇಳ್ತೀನಿ."

ಹೋಗುವಾಗ ಬಡಗಿ ಅಕ್ಕನ ಬಳಿ ನಿಂತ. "ನನ್ನ ಸಿಟ್ಟು ಎಂಥದು ಅಂತ ನನಗೆ ಗೊತ್ತಕ್ಕ. ಇಲ್ಲಿ ಕೂತ್ರೆ ಅದು ಮೇಲಕ್ಕೆ ಬರುತ್ತೆ."

ಅಕ್ಕ ಧಣಿಯ ಕಚೇರಿಗೆ ಫೋನ್ ಮಾಡಿದಳು. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಸಾಹೇಬರು ಊರಲ್ಲಿಲ್ಲ. ಸಾಹೇಬರು ಈಗತಾನೇ ಊಟಕ್ಕೆ ಹೋದರು. ಕಡೆಗೊಂದು ದಿನ ಗೊತ್ತಾಯಿತು. ಹಾಲ್ ತೊಳೆದರು, ಮಕ್ಕಳ ತಲೆ ಬಾಚಿದರು, ಯಾರದೋ ಮನೆಯಿಂದ ಒಳ್ಳೆಯ ಕುರ್ಚಿ ತಂದರು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು: ಇವತ್ತು ಆಗುವುದಿಲ್ಲ. ಇನ್ನೊಂದು ದಿನ ಗೊತ್ತಾಯಿತು, ಅದೂ ಶನಿವಾರವೇ. ಮತ್ತೆ ಹಾಲ್ ತೊಳೆದರು. ಮತ್ತೆ ಫೋನ್ ಬಂತು.

ಹಾಲ್‌ನಲ್ಲಿ ತಾಯಂದಿರು ಕಾಯುತ್ತಿದ್ದರು. ಖಜಾಂಚಿ ಬ್ಯಾಂಕಿಗೆ ಹೋಗಿದ್ದ, ಹಾಗಾಗಿ ಸುದ್ದಿ ತಿಳಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ಮುಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತಳು. ಅವಳ ಮಗ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದದ್ದು ಅಕ್ಕನಿಗೆ ಗೊತ್ತಿತ್ತು.

"ಎರಡನೇ ಸಲ ಕೂಲಿ ಬಿಟ್ಟು ಬಂದಿದೀನಿ ಅಕ್ಕ," ಎಂದಳು ಅವಳು. "ಚೀಲ ಒಳಗೇ ಇದೆಯಲ್ಲಾ? ಕೈಗೆ ಕೊಡೋಕೆ ಅವರೇ ಬರ್ಬೇಕಾ?"

ದನಿಯಲ್ಲಿ ಜಗಳವಿರಲಿಲ್ಲ, ಬರೀ ಸುಸ್ತಿತ್ತು. ಅಕ್ಕ ಕಾರಿಡಾರಿಗೆ ಬಂದು ಬಡಗಿಯ ಮುಂದೆ ಕೈ ಚಾಚಿದಳು.

"ಚಾಕು ಇದೆಯಾ ನಿಮ್ಮ ಹತ್ರ?"

"ಇಲ್ಲಿಗೆ ಚಾಕು ತರಬಾರ್ದು ಅಂತ ನೀವೇ ಹೇಳಿದ್ರಲ್ಲ."

ಅಡುಗೆಮನೆಯಿಂದ ತರಕಾರಿ ಚಾಕು ತಂದು ಪೆಟ್ಟಿಗೆಯ ಟೇಪು ಕೊಯ್ದಳು. ಬಡಗಿ ಮೇಲಿನ ಪೆಟ್ಟಿಗೆಗಳನ್ನು ಇಳಿಸಿಕೊಟ್ಟ. ಸಾಸಿವೆ ಸ್ವಲ್ಪ ಹೊತ್ತು ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ಚೀಲಗಳನ್ನು ಎತ್ತಿ ಅಪ್ಪನ ಕೈಗೆ ಕೊಡತೊಡಗಿದಳು. ಅಪ್ಪ ತಾಯಂದಿರಿಗೆ ದಾಟಿಸಿದ. "ಒಂದೊಂದೇ ಕೊಡಪ್ಪ, ಬೀಳ್ತವೆ," ಎಂದು ಸಾಸಿವೆ ಅವನನ್ನು ಗದರಿದಳು ಕೂಡ.

ಅಜ್ಜಿ ಬೆಂಚಿನಿಂದ ಏಳದೆಯೇ, "ನಮ್ಮ ಮಗೂಗೂ ಒಂದಿರಲಿ. ನೀಲೀದು," ಎಂದಳು.

ಸಂಜೆಗೆ ಕೋಣೆ ಖಾಲಿಯಾಯಿತು. ಅಕ್ಕ ನೆಲ ಗುಡಿಸಿ ಚಾಪೆ ಹಾಸಿದಳು. ಬಹಳ ದಿನಗಳ ಮೇಲೆ ಹಗುರವಾಗಿ ಮನೆಗೆ ನಡೆದಳು.

ಹೊಲಿಗೆ ಕಲಿಯುವವಳೊಬ್ಬಳು ಚೀಲ ಹಂಚುವಾಗ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿದ್ದಳು. ಇಷ್ಟು ದಿನ ಫೋನಿಗೆ ಸಿಗದ ಧಣಿ ಸೋಮವಾರ ಬೆಳಿಗ್ಗೆ ತಾವೇ ಫೋನ್ ಮಾಡಿದರು. ಖಜಾಂಚಿ ನಿಂತುಕೊಂಡೇ ಕೇಳಿ, ನಿಂತುಕೊಂಡೇ ಕ್ಷಮೆ ಕೋರಿ, ಆಮೇಲೆ ಕೂತ.

"ಉಳಿದ ಹಣ ಬರಲ್ಲ ಅಕ್ಕ."

"ಚೀಲ ಮಕ್ಕಳಿಗೇ ತಾನೇ ಸೇರಿದ್ದು? ನಾವೇನು ಮಾರಿಕೊಂಡ್ವಾ?"

"ನನ್ನನ್ನ ಕೇಳಿದ್ರೆ ನಾನೂ ಹಂಚ್ತಿದ್ದೆ," ಎಂದ ಅವನು ಮೆಲ್ಲಗೆ. "ಆದ್ರೆ ಅಡುಗೆಯವಳ ಸಂಬಳ ಅದರಲ್ಲೇ ಬರಬೇಕಿತ್ತು."

ಅಡುಗೆಯವಳಿಗೆ ಬೆಳಗಿನ ಕೆಲಸವಷ್ಟೇ ಉಳಿಯಿತು, ಸಂಬಳವೂ ಅರ್ಧ. ಸಂಜೆ ಅವಳು ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. ಸಂಜೆ ತಡವಾಗಿ ಮನೆ ಸೇರುವ ಮಕ್ಕಳಿಗೆ ಈಗ ಬರೀ ಬಿಸ್ಕತ್ತು. ಅಕ್ಕ ತನ್ನ ಸಂಬಳದಲ್ಲಿ ಒಂದಷ್ಟು ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಅಡುಗೆಯವಳು ಸೌಟು ಕೆಳಗಿಡಲಿಲ್ಲ. "ನೀವು ಒಳ್ಳೇದೇ ಮಾಡಿದ್ರಿ. ಆದ್ರೆ ನನ್ನ ದುಡ್ಡಲ್ಲಿ ಮಾಡಿದ್ರಿ."

"ಅದಕ್ಕೇ ಇದನ್ನ..."

"ಬೇಡ. ದಾನ ಏನೇನು ಮಾಡುತ್ತೆ ಅಂತ ನೋಡಿದೀನಲ್ಲ."

ಅಲ್ಲಿಂದ ಮುಂದೆ ಅಕ್ಕ ಮಳೆ ಬಿಸಿಲೆನ್ನದೆ ಖಜಾಂಚಿಯ ಜೊತೆ ಹಣ ಕೇಳುತ್ತ ಅಂಗಡಿ ಅಂಗಡಿ ಅಲೆದಳು. ಗಾಜಿನ ವ್ಯಾಪಾರಿ ಕಿಟಕಿ ಕೊಡಿಸುತ್ತೇನೆಂದ. ಇನ್ನೊಬ್ಬ ಗೋಡೆ ಗಡಿಯಾರ ಕೊಡುತ್ತೇನೆಂದ, ಅದರಲ್ಲಿ ಅವನ ತಾಯಿಯ ಚಿತ್ರವಿರಬೇಕಂತೆ. ಅಡುಗೆಯವಳ ಸಂಬಳ ಎಂದೊಡನೆ ಎಲ್ಲರ ಮುಖ ಒಂದೇ ರೀತಿ ಸಪ್ಪಗಾಗುತ್ತಿತ್ತು. "ಸಂಬಳಕ್ಕಾ? ಅದಕ್ಕೆ ಹೆಸರು ಹಾಕೋದು ಎಲ್ಲಿ?"

"ಅವಳ ಬೆನ್ನ ಮೇಲೆ ಬರೆಸೋಣ ಬಿಡಿ," ಎಂದುಬಿಟ್ಟಳು ಅಕ್ಕ ಒಮ್ಮೆ. ಖಜಾಂಚಿ ಅವಳ ತೋಳು ಹಿಡಿದು ಅಂಗಡಿಯಿಂದ ಇಳಿಸಿಕೊಂಡು ಬಂದ.

ಆದರೆ ಕೋಣೆಯಲ್ಲಿ ಭೇಟಿ ನಡೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸಾಸಿವೆ ಅಪ್ಪನನ್ನು ಬಾಯ್ತುಂಬ ಬೈಯುವಷ್ಟು ಹತ್ತಿರವಾಗಿದ್ದಳು. ಇನ್ನು ಮಗಳನ್ನು ಅವನು ಹೊರಗೆ ಕರೆದುಕೊಂಡು ಹೋಗಬಹುದು ಎಂದು ಕೋರ್ಟು ಹೇಳಿತು. ಆ ಶನಿವಾರ ಅವರಿಬ್ಬರೂ ಉದ್ಯಾನದ ಕಡೆಗೆ ಹೋದರು. ಅಜ್ಜಿ ಹತ್ತು ಹೆಜ್ಜೆ ಹಿಂದೆ, ಆದರೂ ಹೋದಳು.

ಅವರು ಗೇಟು ದಾಟುವುದರೊಳಗೆ ಖಜಾಂಚಿ ಬಂದ. "ಹಾಗಾದ್ರೆ ಕೋಣೆ ಖಾಲಿ ಅಲ್ವಾ ಅಕ್ಕ? ಟ್ಯೂಷನ್‌ನವರು ಬಾಡಿಗೆಗೆ ಕೇಳ್ತಿದಾರೆ. ಅಡುಗೆಯವಳ ಸಂಜೆ ಸಂಬಳ ಪೂರ್ತಿ ಹುಟ್ಟುತ್ತೆ."

ಅಕ್ಕನಿಗೆ ಕೂಗಾಡಬೇಕೆನಿಸಿತು. ಆದರೆ ಅವನು ಹೇಳಿದ್ದು ತಪ್ಪಲ್ಲ.

"ಇನ್ನೊಂದು ಸಂಸಾರ ಬರ್ತಿದೆ ಸಾರ್. ಅಮ್ಮನ್ನ ಕಂಡ್ರೆ ಮೇಜಿನ ಕೆಳಗೆ ಸೇರ್ಕೊಳ್ಳೋ ಹುಡುಗ. ಶನಿವಾರ ಬಿಟ್ಟು ಉಳಿದ ದಿನ ಕೊಡಿ."

"ಅವರಿಗೆ ಶನಿವಾರವೇ ಮುಖ್ಯ ಅಂತೆ."

"ನನಗೂ ಅದೇ ಮುಖ್ಯ."

ಅವನು ನಿಟ್ಟುಸಿರಿಟ್ಟು ಚೌಕಾಸಿಗೆ ಹೋದ. ಟ್ಯೂಷನ್‌ನವರು ಶನಿವಾರ ಬಿಟ್ಟರು, ಬಾಡಿಗೆಯನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಿದರು. ಅದರಿಂದ ಅಡುಗೆಯವಳು ವಾರಕ್ಕೆ ಎರಡು ಸಂಜೆ ಮರಳಿ ಬಂದಳು. ಉಳಿದ ಸಂಜೆಗಳಲ್ಲಿ ಅವಳು ಹೋಟೆಲಿನ ಪಾತ್ರೆ ತೊಳೆದಳು, ಮಕ್ಕಳು ಬಿಸ್ಕತ್ತು ತಿಂದರು, ಅಕ್ಕ ಮತ್ತು ಖಜಾಂಚಿ ಇನ್ನೂ ಹೋಗದ ಬೀದಿಗಳ ಅಂಗಡಿಗಳ ಮೆಟ್ಟಿಲು ಹತ್ತಿದರು.