ಲಕೋಟೆಯ ಕೊನೆಯ ಸಾಲು

ನಮ್ಮ ಪ್ರಯೋಗಾಲಯದಲ್ಲಿ ಗಾಳಿಯ ಧೂಳನ್ನು ತೂಗುವವಳು ನಾನು. ಚಾವಣಿಯ ಮೇಲಿನ ಯಂತ್ರ ಇಡೀ ದಿನ ಗಾಳಿ ಎಳೆದು, ಧೂಳನ್ನು ಬಿಳಿಯ ಸೋಸುಹಾಳೆಯೊಂದರ ಮೇಲೆ ಹಿಡಿದಿಟ್ಟಿರುತ್ತದೆ. ಬೆಳಿಗ್ಗೆ ಆ ಹಾಳೆಯನ್ನು ಚಿಮಟದಲ್ಲಿ ಎತ್ತಿ ಲಕೋಟೆಗೆ ಹಾಕಿ, ಸುತ್ತ ಕಂಡದ್ದನ್ನು ಲಕೋಟೆಯ ಕೊನೆಯ ಸಾಲಿನಲ್ಲಿ ಬರೆಯಬೇಕು. 'ಪಕ್ಕದ ಓಣಿಯಲ್ಲಿ ಕಸ ಸುಟ್ಟಿದ್ದಾರೆ', 'ಗಾಳಿ ಪೂರ್ವದಿಂದ', ಹೀಗೆ. ಹದಿನೆಂಟು ವರ್ಷ ಆ ಸಾಲನ್ನು ಖಾಲಿ ಬಿಟ್ಟವಳಲ್ಲ.

ಹಾಳೆಯನ್ನು ಆಮ್ಲದಲ್ಲಿ ಕರಗಿಸಿದರೆ, ಅದರಲ್ಲಿ ಸೀಸವೆಷ್ಟು, ಕ್ರೋಮಿಯಂ ಎಷ್ಟು ಎಂದು ಹೇಳುವ ದೊಡ್ಡ ಯಂತ್ರ ಕೆಳಗಿನ ಕೋಣೆಯಲ್ಲಿದೆ. ಅದರ ಮುಂದೆ ಕೂರುವವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಇಲ್ಲಿ ಕೆಲಸ ಖಾಲಿಯಿದೆ ಎಂದು ಅವಳಿಗೆ ಹೇಳಿದವಳೇ ನಾನು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ. ಎರಡೇ ವರ್ಷಕ್ಕೆ ಅವಳು ನಿರ್ದೇಶಕರ ಬಾಯಲ್ಲಿ 'ಸೀಸದ ಮೇಡಂ' ಆದಳು. ನಾನು ಈಗಲೂ 'ತೂಕದಮ್ಮ'. ಮನೆಗೆ ಬಂದವರಿಗೆಲ್ಲ ಅತ್ತೆ, "ಚಿಕ್ಕವಳು ದೊಡ್ಡ ಯಂತ್ರ ನಡೆಸ್ತಾಳೆ. ದೊಡ್ಡವಳು... ಅವಳೂ ಅಲ್ಲೇ ಇದಾಳೆ," ಎನ್ನುತ್ತಾರೆ.

ಆ ಮಂಗಳವಾರ ಬೆಳಿಗ್ಗೆ ಗಂಡನೂ ಸೇರಿಕೊಂಡ. "ಶುಕ್ರವಾರ ಅಧಿಕಾರಿಗಳ ಮುಂದೆ ಅವಳೇ ಮಾತಾಡೋದಂತೆ. ನೀನೂ ಸ್ವಲ್ಪ ನೋಡಿ ಕಲೀಬಾರ್ದಾ?"

ಉರಿಯುತ್ತಲೇ ಚಾವಣಿ ಹತ್ತಿದೆ. ಬಣ್ಣದವನೊಬ್ಬ ಕಂಬಿಗಳ ಹಳೆಯ ಹಳದಿ ಬಣ್ಣ ಕೆರೆಯುತ್ತಿದ್ದ, ಯಂತ್ರದಿಂದ ನಾಲ್ಕೇ ಮೊಳ ದೂರದಲ್ಲಿ. "ನಿನ್ನೆ ಬೆಳಿಗ್ಗೆಯಿಂದ ಇದೇ ಕೆಲಸ ಅಮ್ಮಾ, ಸೀನಿದ್ರೂ ಹಳದಿ," ಎಂದು ನಕ್ಕ. ಇಂಥ ಹಳದಿಯಲ್ಲಿ ಸೀಸವೂ ಇರುತ್ತದೆ, ಕ್ರೋಮಿಯಮ್ಮೂ ಇರುತ್ತದೆ ಎಂಬುದು ನನಗೆ ಗೊತ್ತು. ಪೆನ್ನು ತೆಗೆದೆ. ಮತ್ತೆ ಜೇಬಿಗಿಟ್ಟೆ. ಜಾಣೆಯಲ್ಲವೇ, ಅವಳೇ ಕಂಡುಹಿಡಿಯಲಿ.

ಆ ಹಾಳೆಯಲ್ಲಿ ಸೀಸ ಹತ್ತು ಪಟ್ಟು ಏರಿತ್ತು, ಜೊತೆಗೆ ಕ್ರೋಮಿಯಮ್ಮೂ. ನಿರ್ದೇಶಕರಿಗೆ ನೆನಪಾದದ್ದು ಊರಾಚೆ ಹಳೇ ಬ್ಯಾಟರಿ ಕರಗಿಸುವ ಶೆಡ್ಡು. "ಶುಕ್ರವಾರದ ಸಭೇಲಿ ಹೇಳಿಬಿಡಿ ಸೀಸದ ಮೇಡಂ, ಬೀಗ ಹಾಕಿಸೋಣ."

ಸಭೆಯಲ್ಲಿ ಯಾರೋ ಎದ್ದು 'ಕ್ರೋಮಿಯಂ ಎಲ್ಲಿಂದ ಬಂತು?' ಎಂದು ಕೇಳುತ್ತಾರೆ, ಅವಳು ತೊದಲುತ್ತಾಳೆ. ಆ ಚಿತ್ರವನ್ನು ಎರಡು ದಿನ ಮೆಲುಕು ಹಾಕಿದೆ. ಊಟವೂ ರುಚಿಸಿತು.

ಗುರುವಾರ ಸಂಜೆ ತಡೆಯಲಾಗಲಿಲ್ಲ. ಅವಳಿಗಾಗಿ ಅಲ್ಲ. ಶೆಡ್ಡು ಸಾಧುವೇನಲ್ಲ, ಆದರೆ ಈ ಸೀಸ ಅದರದ್ದಲ್ಲ. ಹದಿನೆಂಟು ವರ್ಷದ ನನ್ನ ಲಕೋಟೆಗಳ ನಡುವೆ ಒಂದು ಸುಳ್ಳು ಕೂತುಬಿಟ್ಟಿತ್ತು.

"ಆ ಮಂಗಳವಾರದ ಹಾಳೆ..." ಎಂದೆ ಅವಳ ಬಾಗಿಲಲ್ಲಿ ನಿಂತು.

"ಹೇಳಿ ಅಕ್ಕಾ."

"ಯಂತ್ರದ ಪಕ್ಕದಲ್ಲೇ ಕಂಬಿ ಬಣ್ಣ ಕೆರೀತಿದ್ರು. ನಾನು ಬರೀಲಿಲ್ಲ." ಮರೆತೆ ಎನ್ನಬಹುದಿತ್ತು. "ಬೇಕೂಂತಲೇ ಬರೀಲಿಲ್ಲ."

ಅವಳು ಮೇಜಿನ ಖಾನೆಯಿಂದ ಆ ಲಕೋಟೆ ತೆಗೆದಿಟ್ಟಳು. "ಏನೋ ಇದೆ ಅಂತ ಗೊತ್ತಿತ್ತು. ಬ್ಯಾಟರಿಯಿಂದ ಇಷ್ಟು ಕ್ರೋಮಿಯಂ ಬರಲ್ಲ. ಅದೂ ಅಲ್ದೆ, ಆಕಾಶ ಕಳಚಿ ಬಿದ್ರೂ ನೀವು ಈ ಸಾಲು ಬಿಡೋರಲ್ಲ. ವರದಿ ಇನ್ನೂ ಬರೆದಿಲ್ಲ ಅಕ್ಕಾ. ನೀವು ಬರ್ತೀರಾಂತ ಕಾಯ್ತಿದ್ದೆ."

"ಬರದೇ ಇದ್ದಿದ್ರೆ?"

"'ಗೊತ್ತಿಲ್ಲ' ಅಂತ ಹೇಳಿ ಬೈಸ್ಕೋತಿದ್ದೆ. ದಿನಾ ನನ್ನನ್ನೇ ಹೊಗಳೋ ಅತ್ತೆಗೂ ಒಂದು ಬದಲಾವಣೆ ಬೇಡ್ವಾ?"

ನಗು ಬಂತು, ಅದರ ಬೆನ್ನಿಗೇ ಹಳೆಯ ಉರಿ. ಒಳ್ಳೆಯತನದಲ್ಲೂ ಇವಳೇ ಮುಂದೆ! ಪೆನ್ನು ತೆಗೆದು ಬರೆದೆ: 'ಕಂಬಿಯ ಹಳದಿ ಬಣ್ಣ ಕೆರೆಯುತ್ತಿದ್ದರು, ಯಂತ್ರದಿಂದ ನಾಲ್ಕು ಮೊಳ. ಬರೆದದ್ದು ಗುರುವಾರ.' ಸಹಿ ಹಾಕಿದೆ.

ಅವಳು ಬಗ್ಗಿ ಓದಿದಳು. "ಎಷ್ಟು ಚೆಂದ ಅಕ್ಕಾ ನಿಮ್ಮ ಅಕ್ಷರ. ನಂಗೆ ಈ ಜನ್ಮದಲ್ಲಿ ಬರಲ್ಲ."

ಆ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚು ಇತ್ತೇ? ಒಂದಿಷ್ಟಾದರೂ ಇರಲಿ ದೇವರೇ ಎಂದುಕೊಂಡೆ.