ಮೂವತ್ತೊಂದು ಗ್ರಹಗಳ ಅಕ್ಕ

ಶಾಮಿಯಾನದ ಹಗ್ಗವನ್ನು ಗೂಟಕ್ಕೆ ಬಿಗಿಯುತ್ತಿದ್ದ ಚನ್ನಕೇಶವನ ಕೈಯಿಂದ ಅವನ ಅಣ್ಣ ದೇವರಾಜ್ ಹಗ್ಗ ಕಿತ್ತುಕೊಂಡ. ಹೆಂಡತಿಯನ್ನು ಮಣ್ಣು ಮಾಡುವ ದಿನ ಗಂಡನಾದವನು ಗೂಟ ಹೊಡೆಯುವುದು ನೋಡಿದವರಿಗೆ ಚೆನ್ನಾಗಿರುವುದಿಲ್ಲ, ಮಗಳು ಅವಳ ಪಕ್ಕ ಕೂತಿದ್ದಾಳೆ, ನೀನೂ ಹೋಗಿ ಕೂತುಕೋ ಎಂದು ಗದರಿಸಿದ. ಕೂರುವುದೇ ಕಷ್ಟವಾಗಿತ್ತು. ನಿನ್ನೆ ಬೆಳಿಗ್ಗೆ ಗಂಡಸಿಯ ಶಾಲೆಯ ಅಡುಗೆಕೋಣೆಯಲ್ಲಿ ಬೇಳೆ ತೊಳೆಯುತ್ತಿದ್ದ ಕೆಂಪಲಕ್ಷ್ಮಮ್ಮ ಎದೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಮೇಷ್ಟ್ರುಗಳು ಬಂದರು, ಮಕ್ಕಳು ಸಾಲಾಗಿ ಬಂದು ಹೂವು ಹಾಕಿದರು. ಅವಳು ಬಡಿಸಿದ ಹತ್ತೊಂಬತ್ತು ವರ್ಷದಲ್ಲಿ ಒಂದು ಮಗುವೂ ಅರೆಹೊಟ್ಟೆಯಲ್ಲಿ ಎದ್ದು ಹೋಗಲಿಲ್ಲ ಎಂದು ಎಲ್ಲರೂ ಹೇಳಿದರು. ಸುಳ್ಳು ಹೇಳುವ ಜಾಗವಲ್ಲ ಅದು, ಹೇಳಿದ್ದೂ ನಿಜವೇ.

ಮಧ್ಯಾಹ್ನದ ಹೊತ್ತಿಗೆ ಒಂದು ಜೀಪು ಬಂತು. ಇಳಿದವರು ಇಬ್ಬರು: ಬಿಕ್ಕೋಡಿನಲ್ಲಿ ಜೀಪು ಓಡಿಸುವ ಯುವರಾಜ್, ಹಳೇಬೀಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಸುಷ್ಮಿತಾ. ಹಾರ ಹಾಕಿ, ಕಾಲು ಮುಟ್ಟಿ, ಸ್ವಂತದವರ ಹಾಗೆ ಅತ್ತರು. ಚನ್ನಕೇಶವ ಅವರನ್ನು ಕಂಡೇ ಇರಲಿಲ್ಲ. ಯುವರಾಜ್ ಕಣ್ಣೊರೆಸಿಕೊಳ್ಳುವುದು, ಫೋನು ನೋಡುವುದು, ಮತ್ತೆ ಕಣ್ಣೊರೆಸಿಕೊಳ್ಳುವುದು. ಮೂರನೆಯ ಸಲಕ್ಕೆ ಚನ್ನಕೇಶವನಿಗೆ ರೇಗಿತು. ಸಾವಿನ ಮನೆಯಲ್ಲಿ ಫೋನು ನೋಡುವ ನೀವು ಯಾರು ಎಂದು ಕೇಳಿಯೇಬಿಟ್ಟ.

"ತಪ್ಪು ತಿಳ್ಕೋಬೇಡಿ ಭಾವ," ಎಂದ ಯುವರಾಜ್. "ನಾವು ಅಕ್ಕನ ಜೊತೆ ಆಟ ಆಡೋರು. ಅಕ್ಕನ ಗ್ರಹಗಳ ಮ್ಯಾಲೆ ದಂಡು ಬತ್ತಾ ಐತೆ."

*

ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ ಕೆಂಪಲಕ್ಷ್ಮಮ್ಮ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ನಡುವೆ ಬಂದ ಜಾಹೀರಾತನ್ನು ಮುಚ್ಚಲು ಹೋಗಿ ಎಲ್ಲೋ ಒತ್ತಿದಳು, ಆಟ ಬಂದು ಕೂತಿತು. ಕಪ್ಪು ಆಕಾಶ, ಅದರಲ್ಲೊಂದು ಬಡ ಗ್ರಹ. ಗಣಿ ತೋಡಬೇಕು, ಹಡಗು ಕಟ್ಟಬೇಕು, ಇನ್ನೊಂದು ಗ್ರಹಕ್ಕೆ ಜನ ಕಳಿಸಬೇಕು. ಇಂಗ್ಲಿಷ್ ಬಾರದಿದ್ದರೂ ಚಿತ್ರ ನೋಡಿಯೇ ಕಲಿತಳು. ಚಿಕ್ಕ ಮಕ್ಕಳಿಗೆ ನೂರು ಗ್ರಾಂ, ದೊಡ್ಡವರಿಗೆ ನೂರೈವತ್ತು ಎಂದು ನೂರೆಂಬತ್ತು ತಟ್ಟೆಗೆ ಅಕ್ಕಿ ಅಳೆದವಳಿಗೆ ಮೂವತ್ತೊಂದು ಗ್ರಹಗಳಿಗೆ ಇಂಧನ ಹಂಚುವುದು ಯಾವ ಮಹಾ ಕೆಲಸ.

ಮೊದಮೊದಲು ಗಂಡನಿಗೂ ತೋರಿಸುತ್ತಿದ್ದಳು. ಒಂದು ದಿನ ಅರಸೀಕೆರೆಯಲ್ಲಿ, ಮಗಳ ಮನೆಯ ಊಟದಲ್ಲಿ, ಬೀಗರ ಮುಂದೆ ಅವನು ಹೇಳಿದ: "ನಮ್ಮನೆಯೋಳು ಈಗ ಆಕಾಶದಾಗೆ ಅಡುಗೆ ಮಾಡ್ತಾಳೆ ಕಣ್ರೀ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಎಂದೂ ತೋರಿಸಲಿಲ್ಲ.

*

ಸುಷ್ಮಿತಾ ಬಿಡಿಸಿ ಹೇಳಿದಳು. ಈ ಆಟದ ಗಡಿಯಾರ ನಮ್ಮ ಗಡಿಯಾರವೇ, ಫೋನು ಮುಚ್ಚಿಟ್ಟರೂ ಅಲ್ಲಿ ಹಡಗು ಸಾಗುತ್ತಲೇ ಇರುತ್ತದೆ. ನಿನ್ನೆಯಿಂದ ಅಕ್ಕ ಆಟ ತೆರೆಯದಿದ್ದುದರಿಂದ ಕಾವಲು ಬಿದ್ದುಹೋಗಿದೆ, ಎದುರು ಗುಂಪಿನವರು ಹೊರಟಿದ್ದಾರೆ. ಮೂರೂವರೆಗೆ ತಲುಪುತ್ತಾರೆ, ನಾಲ್ಕು ವರ್ಷ ಕೂಡಿಸಿದ್ದೆಲ್ಲ ಅವರ ಪಾಲಾಗುತ್ತದೆ.

ಫೋನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲಿತ್ತು. ಅದಕ್ಕೆ ಲಾಕ್ ಇರಲಿಲ್ಲ, ಅವಳು ಏನನ್ನೂ ಮುಚ್ಚಿಟ್ಟವಳಲ್ಲ. ಚನ್ನಕೇಶವ ತೆರೆದು ನೋಡಿದ. ಕತ್ತಲೆಯಲ್ಲಿ ಮೂವತ್ತೊಂದು ದೀಪ, ಒಂದರಿಂದ ಇನ್ನೊಂದಕ್ಕೆ ಸಣ್ಣ ಗೆರೆಗಳು. ಅಕ್ಕ ಯಾರ ಮೇಲೂ ತಾನಾಗಿ ದಂಡೆತ್ತಿ ಹೋಗಲಿಲ್ಲ ಎಂದಳು ಸುಷ್ಮಿತಾ. ಬೆಳಿಗ್ಗೆ ಆರಕ್ಕೆ ಎದ್ದು, ಒಟ್ಟಿಗೆ ಆಡುವ ತಮ್ಮ ಗುಂಪಿನ ಇಪ್ಪತ್ತೆರಡು ಜನರಲ್ಲಿ ಯಾರಿಗೆ ಇಂಧನ ಕಡಿಮೆಯೋ ಅವರಿಗೆ ಕಳಿಸಿ, ಆಮೇಲೆ ಶಾಲೆಗೆ ಹೊರಡುತ್ತಿದ್ದಳಂತೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಚನ್ನಕೇಶವನಿಗೆ ಸಂಕಟವಾಯಿತು. ಈಗ ನೋಡಿದ್ದಾಯಿತು, ಹೇಳುವುದಕ್ಕೆ ಅವಳಿಲ್ಲ.

ಯುವರಾಜ್ ಕಾದಾಡೋಣ ಎಂದ. ಇರುವ ಹಡಗುಗಳನ್ನೆಲ್ಲ ಒಟ್ಟುಗೂಡಿಸಿದರೆ ಅರ್ಧ ದಂಡನ್ನಾದರೂ ಸುಡಬಹುದು, ಅಕ್ಕನ ಹೆಸರು ಉಳಿಯುತ್ತದೆ. ಅವನು ಹೇಳಿದ್ದೂ ಪ್ರೀತಿಯಿಂದಲೇ. ಚನ್ನಕೇಶವ ತೆರೆಯನ್ನೇ ನೋಡುತ್ತಾ ಕೂತ.

*

ಒಂದು ಮಳೆಗಾಲ ಅನ್ನ ಸಾಂಬಾರು ಬೆಂದು ಇಳಿಯುವ ಹೊತ್ತಿಗೆ, ಯಾರೋ ದೊಡ್ಡವರು ತೀರಿಕೊಂಡರೆಂದು ಶಾಲೆಗೆ ರಜೆ ಕೊಟ್ಟುಬಿಟ್ಟರು. ಮಕ್ಕಳು ಹೋ ಎಂದು ಮನೆಗೆ ಓಡಿದರು. ಹೆಡ್ ಮೇಷ್ಟ್ರು ದನಗಳಿಗೆ ಹಾಕಿಸಿ ಎಂದರು. ಕೆಂಪಲಕ್ಷ್ಮಮ್ಮ ಅವರ ಮಾತಿಗೆ ಕಿವಿಗೊಡದೆ, ಗಂಡನನ್ನು ಮೊಪೆಡ್ ಸಮೇತ ಕರೆಸಿ, ಹಿಂದೆ ಎರಡು ಪಾತ್ರೆ ಕಟ್ಟಿಸಿ, ಕೇರಿ ಕೇರಿಗೆ ನಡೆದಳು. ಅವನು ದಾರಿಯುದ್ದಕ್ಕೂ ಗೊಣಗಿದ. ಸಂಜೆ ಕೊನೆಯ ಮನೆಯಲ್ಲಿ ಪಾತ್ರೆಯ ತಳ ಕೆರೆದು ಬಡಿಸಿದ ಮೇಲೆಯೇ ಅವಳು ಕಾಲು ಚಾಚಿ ಕೂತಿದ್ದು.

*

"ಕಾದಾಡಾದ್ ಬ್ಯಾಡ," ಎಂದ ಚನ್ನಕೇಶವ. "ಯಾರ್ಯಾರಿಗೆ ಕಮ್ಮಿ ಐತೆ ಹೇಳ್ತಾ ಹೋಗವ್ವ. ಎಲ್ಲಾ ಕಳ್ಸಿಬಿಡಾಣ."

ಸುಷ್ಮಿತಾ ಒಂದೊಂದೇ ಹೆಸರು ಓದಿದಳು. ತೆಂಗಿನಕಾಯಿ ಸುಲಿದು ಸುಲಿದು ಒರಟಾಗಿದ್ದ ಹೆಬ್ಬೆರಳಿನಿಂದ ಚನ್ನಕೇಶವ ಒತ್ತಿದ. ಎರಡು ಸಲ ತಪ್ಪಿತು, ಮತ್ತೆ ಒತ್ತಿದ. ಹಡಗುಗಳು ಲೋಹ, ಇಂಧನ, ಧಾನ್ಯ ಹೊತ್ತು ದಿಕ್ಕು ದಿಕ್ಕಿಗೆ ಹೊರಟವು. ಒಂದೊಂದು ಗ್ರಹವೂ ಬರಿದಾಗುತ್ತಾ ಬಂತು.

ಹೊತ್ತು ಮೀರುತ್ತಿದೆ, ಎತ್ತಬೇಕು ಎಂದು ದೇವರಾಜ್ ಬಂದು ನಿಂತ. ತಮ್ಮನ ಕೈಯಲ್ಲಿ ಫೋನು ಕಂಡು ಅವನ ಮುಖ ಕೆಂಪಾಯಿತು.

"ತಡಿ ಅಣ್ಣ. ಅವ್ಳದು ಇನ್ನೂ ಒಂಬತ್ತು ಬಾಕಿ ಐತೆ."

ದೇವರಾಜನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ತಮ್ಮನ ದನಿ ಕೇಳಿ, ಚಟ್ಟದ ಹತ್ತಿರ ನಿಂತಿದ್ದವರಿಗೆ ಇನ್ನೊಂದು ಗಳಿಗೆ ಇರಿ ಎಂದು ಕೈ ಮಾಡಿದ.

ಒಂಬತ್ತೂ ಮುಗಿದವು. ಚನ್ನಕೇಶವ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟ. ತೋಟದ ಮೂಲೆಯಲ್ಲಿ ಗುಂಡಿ ಸಿದ್ಧವಿತ್ತು. ಅವಳನ್ನು ಇಳಿಸಿದರು. ಅವನು ಮೊದಲ ಹಿಡಿ ಮಣ್ಣು ಹಾಕಿದ.

ಯುವರಾಜ್ ಹೊತ್ತು ನೋಡಿದ. ಮೂರೂವರೆ. ದಂಡು ಬಂದಿರುತ್ತದೆ, ಅಲ್ಲಿ ಒಂದು ಚಮಚದಷ್ಟೂ ಸಿಕ್ಕಿರುವುದಿಲ್ಲ ಎಂದು ಪಿಸುಗುಟ್ಟಿದ.

ಅಷ್ಟರಲ್ಲಿ ಚನ್ನಕೇಶವನ ಜೇಬಿನಿಂದ ಟಿಣ್ ಎಂದು ಸದ್ದು ಬಂತು. ಜನ ತಿರುಗಿ ನೋಡಿದರು, ಯಾರೋ ಆಫ್ ಮಾಡು ಎಂದು ಸನ್ನೆ ಮಾಡಿದರು. ಅವನು ಸುಷ್ಮಿತಾಳ ಕಡೆ ನೋಡಿದ.

"ಮೊದಲ್ನೇ ಹಡಗು ಮುಟ್ತು ಭಾವ," ಎಂದಳು ಅವಳು ತನ್ನ ಫೋನು ನೋಡಿ. "ಕಣಕಟ್ಟೆಯ ಹೇಮಾಶ್ರೀಗೆ. ಅವ್ಳು ಆಟಕ್ಕೆ ಸೇರಿ ಇನ್ನೂ ವಾರ ಆಗಿಲ್ಲ."

ಚನ್ನಕೇಶವ ಫೋನು ಆಫ್ ಮಾಡಲಿಲ್ಲ. ಬಗ್ಗಿ ಎರಡನೆಯ ಹಿಡಿ ಮಣ್ಣು ತೆಗೆದುಕೊಂಡ. ಹಾಕದೆ, ಅದನ್ನು ಎದೆಯ ಹತ್ತಿರ ಹಿಡಿದುಕೊಂಡು, ಮುಂದಿನ ಸದ್ದಿಗೆ ಕಾಯುತ್ತಾ ನಿಂತ.