ನರ್ಸಮ್ಮನ ಹೆಸರಲ್ಲಿ ತೆಗೆದ ಚಿತ್ರ

ಸೊಂಖ್ಲಾ ಸರೋವರದ ದಂಡೆಯ ಹಳ್ಳಿಗಳಲ್ಲಿ ಮುದುಕರು ಯಾರಾದರೂ ಹಾಸಿಗೆ ಹಿಡಿದರೆ, ಭಿಕ್ಷುಗಳಿಗೆ ತಿಳಿಸುವ ಮುಂಚೆಯೇ ಮನೆಯವರು ಬುಪ್ಪಾಳಿಗೆ ಹೇಳಿಕಳಿಸುತ್ತಿದ್ದರು. ಶವಪೆಟ್ಟಿಗೆಯ ಮುಂದೆ ಇಡಲು ಒಂದು ಒಳ್ಳೆಯ ಚಿತ್ರ ಬೇಕು. ಬಲೆ, ದೋಣಿ, ಮೀನಿನ ನಡುವೆಯೇ ಆಯಸ್ಸು ಕಳೆದವರ ಬಳಿ ಗುರುತಿನ ಚೀಟಿಯ ಚಿತ್ರ ಬಿಟ್ಟರೆ ಬೇರೊಂದು ಇರುತ್ತಿರಲಿಲ್ಲ. ಅದರಲ್ಲಿ ಎಂಥ ಸಾಧು ಮನುಷ್ಯನೂ ಈಗಷ್ಟೇ ಪೊಲೀಸರ ಕೈಗೆ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ.

ಬುಪ್ಪಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಗಂಡ ಪ್ರಯೂನ್ ಪ್ರೌಢಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ಮಕ್ಕಳಿರಲಿಲ್ಲ. ಸುಮ್ಮನೆ ಕೂತರೆ ಒಬ್ಬರನ್ನೊಬ್ಬರು ತಿಂದುಹಾಕುತ್ತೇವೆ ಎಂದು ಹೆದರಿ ಒಂದು ಕ್ಯಾಮೆರಾ ಕೊಂಡರು. ಪೇಟೆಯ ಸ್ಟುಡಿಯೋದವನ ಬಳಿ ಜೊತೆಯಾಗಿ ಕಲಿಯಲು ಹೋದರು. ಯಾರಿಗೆ ಕಣ್ಣಿದೆ ಎಂಬುದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಪ್ರಯೂನ್ ತೆಗೆದರೆ ಮುಖ ಇರುತ್ತಿತ್ತು. ಬುಪ್ಪಾ ತೆಗೆದರೆ ಮನುಷ್ಯ ಇರುತ್ತಿದ್ದ. ಪ್ರಯೂನನೇ ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ. ತಾನೊಂದು ಚಿಕ್ಕ ಕ್ಯಾಮೆರಾ ಜೇಬಿನಲ್ಲಿಟ್ಟುಕೊಂಡು ಹಕ್ಕಿ, ಮೋಡ ಅಂತ ತೆಗೆಯುತ್ತಿದ್ದನಾದರೂ ಅವನ ಮನಸ್ಸು ಚೌಕಟ್ಟು ಮಾಡುವುದರಲ್ಲಿತ್ತು. ಹಳೇ ದೋಣಿಗಳ ಹಲಗೆ ತಂದು, ಉಜ್ಜಿ, ಅಂಚಿಗೆ ಬಳ್ಳಿ ಕೆತ್ತಿ, ಅವಳ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದ.

ಅವನಿಗೆ ಇನ್ನೊಂದು ಕೆಲಸವೂ ಇತ್ತು: ಮಾತಾಡುವುದು. ಬುಪ್ಪಾ ಕ್ಯಾಮೆರಾ ಹಿಡಿದು ಕಾಯುತ್ತಿದ್ದರೆ ಇವನು ಮುದುಕರ ಪಕ್ಕ ಚಾಪೆಯ ಮೇಲೆ ಕೂತು ಸೀಗಡಿಯ ಧಾರಣೆ, ಸತ್ತ ನೆಂಟರ ಜಿಪುಣತನ, ಏನು ಬೇಕಾದರೂ ಹರಟುತ್ತಿದ್ದ. ಎದುರಿಗೆ ಕೂತವರು ಕ್ಯಾಮೆರಾ ಮರೆತ ಗಳಿಗೆಯಲ್ಲಿ ಅವಳು ಒತ್ತುತ್ತಿದ್ದಳು. ಬಹಳ ಸಲ ಒಂದೇ ಒಂದು ಬಾರಿ.

ಹೀಗೆ ವರ್ಷಗಳು ಚೆನ್ನಾಗಿಯೇ ಹೋದವು. ಆಮೇಲೆ ಅವಳ ಬಲಗೈ ನಡುಗತೊಡಗಿತು.

ಮೊದಲು ಕಾಫಿ ಲೋಟ ತಟ್ಟೆಗೆ ಬಡಿಯುವ ಸದ್ದು. ನಂತರ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಪೇಟೆಯ ಡಾಕ್ಟರು ಕಾಯಿಲೆಗೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮುಂದೇನಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಅಂಥ ರೋಗಿಗಳಿಗೆ ಅವಳೇ ಗಂಜಿ ಕುಡಿಸಿದ್ದಳು. ಮನೆಗೆ ಬಂದು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡು ತರಿಸಿದಳು. ಅದರಿಂದ ಸ್ವಲ್ಪ ದಿನ ನಡೆಯಿತು. ಆದರೆ ಗುಂಡಿ ಒತ್ತುವ ಬೆರಳೇ ನಡುಗಿದರೆ ಸ್ಟ್ಯಾಂಡು ತಾನೇ ಏನು ಮಾಡೀತು?

ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ ಆರಿಸುವುದು, ಪೇಟೆಗೆ ಹೋಗಿ ಪ್ರಿಂಟ್ ಹಾಕಿಸುವುದು ಪ್ರಯೂನನ ಪಾಲಿನ ಕೆಲಸ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ದೊಡ್ಡದು ಮಾಡಿದಾಗ ಗೊತ್ತಾಯಿತು. ಕಣ್ಣು, ಮೂಗು, ಸುಕ್ಕು ಎಲ್ಲ ಒಂದರ ಮೇಲೊಂದು ಹರಡಿಕೊಂಡು, ನೀರಿನೊಳಗಿಂದ ನೋಡಿದಂತಿತ್ತು. ಇದನ್ನು ಅವಳಿಗೆ ಹೇಗೆ ತೋರಿಸುವುದು?

ಅವನು ತೋರಿಸಲಿಲ್ಲ. ಮುಂದಿನ ಸಲ ಚಿತ್ರ ತೆಗೆದಾದ ಮೇಲೆ, ನೀನು ನಡಿ, ನಾನು ಸ್ಟ್ಯಾಂಡು ಮಡಚಿಕೊಂಡು ಬರ್ತೀನಿ ಎಂದು ಅವಳನ್ನು ದೋಣಿಯತ್ತ ಕಳಿಸಿದ. ಅವಳು ಮರೆಯಾದದ್ದೇ ಜೇಬಿನಿಂದ ಚಿಕ್ಕ ಕ್ಯಾಮೆರಾ ತೆಗೆದು, ಅದೇ ಜಾಗದಲ್ಲಿ ನಿಂತು, ತಾನೊಂದು ತೆಗೆದ. ಅವಳದನ್ನು ಅಳಿಸಿದ. ತನ್ನದಕ್ಕೆ ಕಟ್ಟು ಹಾಕಿ ನೇರವಾಗಿ ಆ ಮನೆಗೇ ಕೊಟ್ಟುಬಂದ. ನರ್ಸಮ್ಮ ತೆಗೆದದ್ದು ಎಂದು ಹೇಳಿದ. ಬುಪ್ಪಾ ಒಮ್ಮೆ ಕೇಳಿದಾಗ, ಅವರಿಗೆ ಅವಸರವಿತ್ತು, ತೋರಿಸಲು ಆಗಲಿಲ್ಲ ಎಂದ. ಅವಳು ಮತ್ತೆ ಕೇಳಲಿಲ್ಲ. ಮಳೆಗಾಲ ಮುಗಿದಾಗ ಹೀಗೆ ಶುರುವಾದದ್ದು ಬೇಸಿಗೆಯವರೆಗೂ ನಡೆಯಿತು.

ಆ ಬೇಸಿಗೆಯಲ್ಲಿ ಪ್ರಾಂಗ್ ಅಜ್ಜಿಯ ಚಿತ್ರ ತೆಗೆಯಲು ಹೋದರು. ಅಜ್ಜಿ ಮೀನು ಒಣಗಿಸಿ ಮಾರಿ ನಾಲ್ಕು ಹೆಣ್ಣುಮಕ್ಕಳನ್ನು ಸಾಕಿದವಳು. ಬಿಗಿ ಹೆಂಗಸು. ಒಳ್ಳೇ ರವಿಕೆ ತೊಟ್ಟು, ಮಂಡಿಯ ಮೇಲೆ ಕೈಯಿಟ್ಟು ಕಂಬದಂತೆ ಕೂತಳು. ಪ್ರಯೂನ್ ಏನು ಹರಟಿದರೂ ತುಟಿ ಬಿಚ್ಚಲಿಲ್ಲ.

"ಸ್ವಲ್ಪ ನಗಜ್ಜಿ, ದುಡ್ಡು ಬೀಳಲ್ಲ," ಅಂದ.

"ಸತ್ತೋಳು ಹಲ್ಲು ಕಿಸ್ಕೊಂಡು ಕೂತ್ರೆ ಬಂದೋರು ಏನಂದ್ಕೋತಾರೆ ಮೇಷ್ಟ್ರೇ? ಮುದುಕಿಗೆ ಹೋಗೋ ಅರ್ಜೆಂಟಿತ್ತು ಅಂತಾರೆ."

ಬುಪ್ಪಾ ಹಾಗೇ ಇರಲಿ ಎಂದಳು. ಅಜ್ಜಿ ನೇರ ನೋಡುತ್ತಿದ್ದಂತೆಯೇ ಮೂರು ಸಲ ಒತ್ತಿ, ಕೈ ಮುಗಿದು, ದೋಣಿಯತ್ತ ನಡೆದಳು. ಇತ್ತ ಪ್ರಯೂನ್ ಗಡಿಬಿಡಿಯಲ್ಲಿ ಚಿಕ್ಕ ಕ್ಯಾಮೆರಾ ತೆಗೆಯಲು ಹೋಗಿ ಸ್ಟ್ಯಾಂಡಿಗೆ ಎಡವಿ, ಒಣಮೀನಿನ ಬುಟ್ಟಿಯ ಮೇಲೆ ಕುಂಡೆಯೂರಿ ಬಿದ್ದ. ಅಜ್ಜಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವನು ಬಿದ್ದಲ್ಲಿಂದಲೇ ಒತ್ತಿದ. ಅವನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಚಿತ್ರ ಅವನಿಗೆ ಸಿಕ್ಕಿರಲಿಲ್ಲ. ಅದೇ ವಾರ ಅದನ್ನು ಕಟ್ಟು ಹಾಕಿ ಅಜ್ಜಿಯ ಮಗಳಿಗೆ ಕೊಟ್ಟ. ಹೊಸ ವರ್ಷದ ನೀರೆರಚಾಟ ಮುಗಿಯುವಷ್ಟರಲ್ಲಿ ಅಜ್ಜಿ ತೀರಿಕೊಂಡಳು.

ಅಜ್ಜಿಯನ್ನು ಸುಡುವ ದಿನ ಮಧ್ಯಾಹ್ನ ಇಬ್ಬರೂ ಬೌದ್ಧ ವಿಹಾರಕ್ಕೆ ಹೋದರು. ನಿನಗೆ ನೆಗಡಿ, ಮನೆಯಲ್ಲೇ ಇರು ಎಂದು ಪ್ರಯೂನ್ ಹೇಳಿನೋಡಿದ. ಅವಳು ಕಪ್ಪು ಬಟ್ಟೆ ಉಟ್ಟು ಮೊದಲೇ ಹೊರಟು ನಿಂತಿದ್ದಳು. ಪೆಟ್ಟಿಗೆಯ ಮುಂದೆ, ಹೂವಿನ ನಡುವೆ, ಅವನು ಕೆತ್ತಿದ ಕಟ್ಟಿನಲ್ಲಿ ಅಜ್ಜಿ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು.

ಬುಪ್ಪಾ ನಿಂತು ನೋಡಿದಳು. ಪ್ರಯೂನ್ ಅವಳ ಮುಖ ನೋಡದೆ ಚಪ್ಪಲಿ ನೋಡಿಕೊಂಡ.

ಅಜ್ಜಿಯ ಹಿರಿಮಗಳು ಓಡಿಬಂದು ಬುಪ್ಪಾಳ ಎರಡೂ ಕೈ ಹಿಡಿದುಕೊಂಡಳು. "ನಮ್ಮಮ್ಮ ಹಿಂಗೆ ನಗ್ತಿದ್ಲು ಅನ್ನೋದು ನಮಗೇ ಮರೆತುಹೋಗಿತ್ತು ನರ್ಸಮ್ಮ. ನಿಮ್ಮ ಈ ಕೈಗೆ ಪುಣ್ಯ ಬರ್ಲಿ."

ಆ ಕೈ ಅವಳ ಹಿಡಿತದಲ್ಲಿ ನಡುಗುತ್ತಲೇ ಇತ್ತು. ಬುಪ್ಪಾ ತಲೆಬಾಗಿ, ನಗು ನಿಮ್ಮಮ್ಮನದು, ನನ್ನದೇನೂ ಇಲ್ಲ ಎಂದಳು. ಎಲ್ಲರಂತೆ ಸಾಲಿನಲ್ಲಿ ನಿಂತು, ಪೆಟ್ಟಿಗೆಯ ಜೊತೆ ಸುಡಲು ಚಂದನದ ಚಕ್ಕೆಯ ಹೂವಿಟ್ಟಳು. ವಾಪಸು ಬರುವಾಗ ದೋಣಿಯ ಮುಂತುದಿಯಲ್ಲಿ ಅವನಿಗೆ ಬೆನ್ನು ಹಾಕಿ ಕೂತಳು.

ಮನೆಯ ಜಗಲಿಗೆ ಬಂದು ಬಟ್ಟೆ ಕೂಡ ಬದಲಿಸದೆ ಕುಳಿತ ಮೇಲೆಯೇ ಬಾಯಿ ಬಿಟ್ಟಳು.

"ಅಜ್ಜಿ ನನ್ನ ಮುಂದೆ ನಗ್ಲೇ ಇಲ್ಲ."

ಪ್ರಯೂನ್ ಚಪ್ಪಲಿ ಕಳಚಿ ಮೂಲೆಗಿಟ್ಟ.

"ಇದೊಂದೇನಾ? ಬೇರೆಯವೂ ಇವೆಯಾ?"

"ಮಳೆಗಾಲ ಮುಗಿದಾಗಿಂದ ಎಲ್ಲಾ ನಾನೇ ತೆಗ್ದಿದ್ದು."

"ನಾನು ತೆಗ್ದಿದ್ದೆಲ್ಲಿ?"

"ಅಳಿಸ್ಬಿಟ್ಟೆ ಬುಪ್ಪಾ. ಅಲ್ಲಾಡಿ ಹೋಗಿದ್ವು. ನಿನಗೆ ನೋವಾಗುತ್ತೆ ಅಂತ."

ಪಕ್ಕದ ಮನೆಯಲ್ಲಿ ಯಾರೋ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು.

"ನಂಗೆ ಅನುಮಾನ ಇತ್ತು ಮೇಷ್ಟ್ರೇ. ನೋಡೋಕೆ ಧೈರ್ಯ ಇರ್ಲಿಲ್ಲ, ಅದಕ್ಕೇ ಕೇಳ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ಆ ಮುದುಕರೆಲ್ಲ ನಂಗೋಸ್ಕರ ತಲೆ ಬಾಚ್ಕೊಂಡು ಕೂತಿದ್ರು. ಕೊನೇ ಸಲ ಅಂತ ಗೊತ್ತಿದ್ದೂ ನನ್ನ ನೋಡಿದ್ರು. ಅಲ್ಲಾಡಿದ್ರೂ ಅದು ನಾನು ನೋಡಿದ್ದು. ಅದನ್ನ ನೀವ್ಯಾರು ಅಳಿಸೋಕೆ?"

ಪ್ರಾಂಗ್ ಅಜ್ಜಿಯ ಮೂರು ಚಿತ್ರ ಮಾತ್ರ ಇನ್ನೂ ದೊಡ್ಡ ಕ್ಯಾಮೆರಾದಲ್ಲಿ ಉಳಿದಿವೆ ಎಂದಷ್ಟೇ ಅವನು ಹೇಳಿದ. ತನ್ನ ಚಿತ್ರದ ಸಂಭ್ರಮದಲ್ಲಿ ಅವನ್ನು ಅಳಿಸುವುದು ಮರೆತಿದ್ದ. ತಂದು ಕಂಪ್ಯೂಟರಿಗೆ ಹಾಕಿ, ಕುರ್ಚಿ ಎಳೆದು ಕೊಟ್ಟ.

ಬುಪ್ಪಾ ಒಂದೊಂದನ್ನೇ ನೋಡಿದಳು. ಅಜ್ಜಿಯ ಮುಖ ಹೊಗೆಯಂತೆ ಹರಡಿತ್ತು. ಬಿಳಿ ರವಿಕೆ ಗೋಡೆಯೊಳಗೆ ಕರಗಿಹೋಗಿತ್ತು. ಯಾರು ಕೂತಿದ್ದಾರೆಂದು ಹೇಳುವಂತಿರಲಿಲ್ಲ. ಮೂರನೆಯದರಿಂದ ಮತ್ತೆ ಮೊದಲನೆಯದಕ್ಕೆ ಹೋಗಿ ನೋಡಿದಳು. ಪ್ರಯೂನ್ ಹೆಗಲ ಮೇಲೆ ಕೈಯಿಡಲು ಹೋದ. ಅವಳು ಹೆಗಲು ಸರಿಸಿದಳು.

"ಅಳಿಸೋದು ಎಲ್ಲಿ?"

ಅವನು ತೋರಿಸಿದ. ಅವಳ ಬೆರಳು ಗುಂಡಿಯ ಆಚೆ ಈಚೆ ಬಡಿಯಿತು, ಜಾರಿತು, ಬೇರೆಯದನ್ನು ಒತ್ತಿತು. ಅವನ ಕೈ ತಾನಾಗಿ ಮುಂದೆ ಬಂತು. ಬೇಡ ಎಂದಳು. ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿ ಹಿಡಿದು, ಹಲ್ಲು ಕಚ್ಚಿ, ಮೂರನ್ನೂ ತಾನೇ ಅಳಿಸಿದಳು. ಆಮೇಲೆ ಕ್ಯಾಮೆರಾಕ್ಕೆ ಬಟ್ಟೆ ಸುತ್ತಿ ಅವನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಮುಂದೆಂದೂ ಅದನ್ನು ಮುಟ್ಟಲಿಲ್ಲ.

ಪ್ರಯೂನ್ ತನ್ನ ಚಿತ್ರ ಕೊಟ್ಟಿದ್ದ ಮನೆಗಳಿಗೆಲ್ಲ ಹೋಗಿ, ಈ ಚಿತ್ರ ತೆಗೆದದ್ದು ನಾನು, ನರ್ಸಮ್ಮ ಅಲ್ಲ ಎಂದು ಹೇಳಿಬಂದ. ಯಾರೂ ಬೈಯಲಿಲ್ಲ. ಅದಕ್ಕೇನಂತೆ ಎಂದು ಕಾಫಿ ಕೊಟ್ಟರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ. ಮನೆಯಲ್ಲಿ ಬುಪ್ಪಾ ಅಡುಗೆ, ಮಾತ್ರೆ, ಹವೆಯ ಬಗ್ಗೆ ಮಾತಾಡುತ್ತಿದ್ದಳು. ಅದನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಆಚೆ ದಂಡೆಯಿಂದ ಕರೆ ಬಂತು. ತಾಳೆಬೆಲ್ಲ ಕಾಯಿಸುವ ಮುದುಕನೊಬ್ಬ ಹಾಸಿಗೆ ಹಿಡಿದಿದ್ದ. ಪ್ರಯೂನ್ ಒಬ್ಬನೇ ಹೊರಟಾಗ ಅವಳೂ ಬಂದು ದೋಣಿ ಹತ್ತಿದಳು. ಮುದುಕನ ಮನೆಯ ಮೆಟ್ಟಿಲು ಹತ್ತಲು ಅವಳಿಂದ ಆಗಲಿಲ್ಲ. ದೋಣಿಯಲ್ಲೇ ಕೊಡೆ ಬಿಚ್ಚಿಕೊಂಡು ಕೂತಳು. ಅವನು ಒಳಗೆ ಹೋದ. ತಾನೇ ಹರಟಿ, ತಾನೇ ಕಾದು, ತಾನೇ ಒತ್ತಿ, ಕೆಳಗಿಳಿದು ಬಂದು ಅವಳು ಕೇಳದೆಯೇ ಕ್ಯಾಮೆರಾವನ್ನು ಅವಳ ಮುಂದೆ ಹಿಡಿದ.

ಅವಳು ಪುಟ್ಟ ಪರದೆಗೆ ಮುಖ ಹತ್ತಿರ ತಂದು ನೋಡಿದಳು.

"ಹೆದ್ರಿದ್ದಾನೆ ಪಾಪ. ನೀವು ಮಾತಾಡಿದ್ದು ಜಾಸ್ತಿಯಾಯ್ತು. ಹೋಗಿ ಸುಮ್ನೆ ಕೂತ್ಕೊಳ್ಳಿ ಸ್ವಲ್ಪ."

ಅವನು ಮತ್ತೆ ಮೆಟ್ಟಿಲು ಹತ್ತಿದ. ಹನಿ ಬೀಳಲು ಶುರುವಾಗಿತ್ತು. ಒಳಗೆ ಮುದುಕನ ಪಕ್ಕ ಮಾತಿಲ್ಲದೆ ಕೂತವನಿಗೆ ಕಿಟಕಿಯಿಂದ ಅವಳ ಕೊಡೆ ಕಾಣುತ್ತಿತ್ತು. ಅದನ್ನು ಹಿಡಿದ ಕೈಯ ನಡುಕಕ್ಕೆ ಅದು ಒಂದೇ ಸಮನೆ ಅಲ್ಲಾಡುತ್ತಿತ್ತು. ಅವನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿದ ಮುದುಕ ಕ್ಯಾಮೆರಾ ಮರೆತು, ಏನಾಯ್ತು ಮೇಷ್ಟ್ರೇ ಎಂದು ಮೆಲ್ಲಗೆ ಕೇಳಿದ.